ಹಳೇ ಫೆಂಡರ್ ಬೇಸ್‌ನಲ್ಲಿ ತೂತು ಕಂಡ ಕೂಡಲೇ ಎದ್ದು ಹೋಗಬೇಡಿ

ನಮಸ್ಕಾರ. ಅಮೆರಿಕದ ಫೆಂಡರ್ ಕಂಪನಿಯ ಜಾಝ್ ಬೇಸ್, ಅಂದರೆ ನಾಲ್ಕು ತಂತಿಯ ಬೇಸ್ ಗಿಟಾರ್ ಒಂದು, ಮಾರಾಟಕ್ಕೆ ಬಂದಿದೆ ಅಂತ ಇಟ್ಕೊಳ್ಳಿ. ಮಾರೋರು 1964ರದ್ದು ಅಂತಾರೆ. ಬಣ್ಣ ಕೆರೆದು ಮರ ಕಾಣೋ ಹಾಗೆ ಮಾಡಿದ್ದಾರೆ. ಬ್ರಿಜ್ (ಬಾಡಿಯ ಮೇಲೆ ತಂತಿ ಕೂರೋ ಲೋಹದ ಭಾಗ) ಬದಲಾಗಿದೆ. ಹಿಂದುಗಡೆ ಬ್ಯಾಟರಿಗೆ ಅಂತ ಒಂದು ಗುಂಡಿ ಕೊರೆದಿದ್ದಾರೆ. ಫ್ರೆಟ್, ಅಂದರೆ ನೆಕ್ಕಿನ (ಉದ್ದ ಹಿಡಿಯ) ಮೇಲಿನ ಅಡ್ಡ ಲೋಹದ ಪಟ್ಟಿಗಳನ್ನ, ಕಿತ್ತು ಫ್ರೆಟ್‌ಲೆಸ್ ಮಾಡಿದ್ದಾರೆ. ಬಹಳ ಜನ ಇಷ್ಟು ನೋಡಿ "ಒರಿಜಿನಲ್ ಅಲ್ಲ, ಬಿಡಿ" ಅಂತ ಎದ್ದು ಹೋಗ್ತಾರೆ. ಅದೇ ಜನ, ಪಕ್ಕದಲ್ಲಿ ಲಕಲಕ ಹೊಳೀತಿರೋ, ಪ್ರತಿ ಸ್ಕ್ರೂನೂ ಕಂಪನಿಯದೇ ಅನ್ನಿಸೋ ಬೇಸಿಗೆ ಕೇಳಿದಷ್ಟು ದುಡ್ಡು ಕೊಡ್ತಾರೆ. ಭಯ ಪಡಬೇಕಾದದ್ದು ಆ ಎರಡನೇ ಬೇಸಿಗೆ.

ಕಾರಣ ಹೇಳ್ತೀನಿ. 1970ರ ದಶಕದಲ್ಲಿ ಈ ಬೇಸ್‌ಗಳು ಬರೀ ಸೆಕೆಂಡ್ ಹ್ಯಾಂಡ್ ವಾದ್ಯಗಳು. ಅವಕ್ಕೆ ಮುಂದೆ ಈ ಪಾಟಿ ಬೆಲೆ ಬರುತ್ತೆ ಅಂತ ಯಾರೂ ಅಂದ್ಕೊಂಡಿರಲಿಲ್ಲ. ಅದಕ್ಕೇ ನುಡಿಸೋರು ಧೈರ್ಯವಾಗಿ ಕೊರೆದರು, ಕೆರೆದರು. ಹೆಸರಾಂತ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಫ್ರೆಟ್ ಕಿತ್ತ 1962ರ ಜಾಝ್ ಬೇಸ್ ನುಡಿಸ್ತಿದ್ದ, ಅದರ ಬೆರಳಿಡೋ ಹಲಗೆಯ, ಅಂದರೆ ಫಿಂಗರ್‌ಬೋರ್ಡಿನ ಮೇಲೆ ದೋಣಿಗೆ ಹಚ್ಚೋ ಎಪಾಕ್ಸಿ ಬಳಿದ. ಇನ್ನೊಬ್ಬ ಬೇಸ್ ವಾದಕ ಮಾರ್ಕಸ್ ಮಿಲ್ಲರ್‌ನ 1977ರ ಜಾಝ್ ಬೇಸಿಗೆ ನ್ಯೂಯಾರ್ಕಿನ ಗಿಟಾರ್ ತಯಾರಕ ರೋಜರ್ ಸಡೌಸ್ಕಿ ಪ್ರೀಆಂಪ್ (ಬ್ಯಾಟರಿಯಿಂದ ನಡೆದು ಸಿಗ್ನಲ್ ಹೆಚ್ಚಿಸೋ ಸರ್ಕ್ಯೂಟ್) ಕೂರಿಸಿದರು. ಆ ಎರಡೂ ವಾದ್ಯ ನಕಲಿ ಅಂತ ಯಾರಾದರೂ ಹೇಳ್ತಾರಾ? ಮೋಸ ನಡೆಯೋದು ಆಮೇಲೆ, ಯಾರೋ ಆ ತೂತುಗಳನ್ನೆಲ್ಲ ಮುಚ್ಚಿ, ಸನ್‌ಬರ್ಸ್ಟ್ (ನಡುವೆ ತಿಳಿ, ಅಂಚಿಗೆ ಗಾಢವಾಗೋ ಬಣ್ಣ) ಬಳಿದು, ಹೊಸ ಭಾಗಗಳಿಗೆ ಹಳೇ ಬಣ್ಣ ಬರಿಸಿ, "ಎಲ್ಲಾ ಒರಿಜಿನಲ್" ಅಂದಾಗ.

ಸರಿ, ಆ 1964ರ ಬೇಸನ್ನೇ ಬಿಚ್ಚೋಣ. ತಂತಿ ಸಡಿಲ ಮಾಡಿ, ನಟ್ (ನೆಕ್ಕಿನ ತುದಿಯಲ್ಲಿ ತಂತಿ ಕೂರೋ ಪಟ್ಟಿ) ಪಕ್ಕದಲ್ಲಿ ಕೇಪೋ (ತಂತಿ ಒತ್ತಿ ಹಿಡಿಯೋ ಕ್ಲಿಪ್) ಹಾಕಿ, ಆಗ ತಂತಿಗಳು ಟ್ಯೂನರಿನಿಂದ ಬಿಚ್ಚಿಕೊಳ್ಳಲ್ಲ. ನೆಕ್ಕನ್ನ ಬಾಡಿಗೆ ಬಿಗಿಯೋ ನೆಕ್ ಪ್ಲೇಟಿನ ಸ್ಕ್ರೂಗೆ ಎರಡನೇ ನಂಬರಿನ ಫಿಲಿಪ್ಸ್ ಸ್ಕ್ರೂಡ್ರೈವರ್ರೇ ಬೇಕು. ಒಂದನೇ ನಂಬರಿನದು ಹಾಕಿದರೆ ಸ್ಕ್ರೂ ತಲೆ ಸವೆದು ಅರವತ್ತು ವರ್ಷದ ಭಾಗವೊಂದು ನಿಮ್ಮ ಕೈಯಲ್ಲೇ ಹಾಳಾಗುತ್ತೆ. ವಾಪಸ್ ಹಾಕುವಾಗ ಸ್ಕ್ರೂವನ್ನ ಮೊದಲು ಉಲ್ಟಾ ತಿರುಗಿಸಿ. ಟಿಕ್ ಅಂತ ಹಳೇ ಮರೆಗೆ (ಥ್ರೆಡ್‌ಗೆ) ಇಳಿದದ್ದು ಬೆರಳಿಗೇ ಗೊತ್ತಾಗುತ್ತೆ, ಆಮೇಲೆ ಬಿಗಿ ಮಾಡಿ. ನೇರ ತಿರುಗಿಸಿದರೆ ನೆಕ್ಕಿನ ಮರವಾದ ಮೇಪಲ್‌ನಲ್ಲಿ ಹೊಸ ಮರೆ ಕೊರೆಯುತ್ತೆ, ಹಿಡಿತ ಹೋಗುತ್ತೆ.

ನೆಕ್ಕಿನ ಬುಡ ನೋಡಿ. 1962ರ ಮೊದಲ ತಿಂಗಳುಗಳವರೆಗೆ ಅಲ್ಲಿ ಪೆನ್ಸಿಲ್‌ನಲ್ಲಿ ತಾರೀಕು ಬರೀತಿದ್ದರು, ಆಮೇಲೆ ರಬ್ಬರ್ ಸ್ಟಾಂಪ್ ಬಂತು. ಮೊದಲು ಮಾದರಿಯ ಅಂಕಿ, ಆಮೇಲೆ ತಿಂಗಳು, ವರ್ಷ, ಕೊನೆಗೆ ನಟ್ ಅಗಲದ ಅಕ್ಷರ. ಜಾಝ್ ಬೇಸಿಗೆ ಎ, ಅಂದರೆ ಒಂದೂವರೆ ಇಂಚು. ನೆನಪಿಡಿ, ಅದು ಆ ನೆಕ್ ತಯಾರಾದ ಕಾಲ ಅಷ್ಟೇ, ಇಡೀ ಬೇಸಿಂದಲ್ಲ. ಅದಕ್ಕೇ ಸ್ಟಾಂಪ್ ಓದಿ ಖುಷಿಯಾಗಿ ನಿಲ್ಲಿಸಬೇಡಿ, ಬುಡದಲ್ಲಿರೋ ಸ್ಕ್ರೂ ತೂತುಗಳನ್ನ ಎಣಿಸಿ. ನಾಲ್ಕೇ ಇದ್ದು, ಬಾಡಿಯ ತೂತಿಗೆ ನೇರ ಕೂತರೆ ಒಳ್ಳೇದು. ಕಡ್ಡಿ ತುಂಬಿ ಮುಚ್ಚಿದ ತೂತು ಪಕ್ಕದಲ್ಲಿದ್ದರೆ ಆ ನೆಕ್ ಇನ್ನೊಂದು ಬಾಡಿಯಿಂದ ಬಂದಿರಬಹುದು. ಬಾಡಿಯಲ್ಲಿ ಮೂರು ತೂತಿನ ಗುರುತಿದ್ದರೆ ಅದು 1970ರ ದಶಕದ ನಡುವೆ ಬಂದ ಮೂರು ಬೋಲ್ಟಿನ ಜಾಝ್ ಬೇಸ್, 1964ಕ್ಕೂ ಅದಕ್ಕೂ ಸಂಬಂಧ ಇಲ್ಲ.

ಪ್ಲೇಟ್ ಮೇಲಿನ ಎಲ್ ಅಕ್ಷರದ ಸೀರಿಯಲ್ ನಂಬರ್ 1963ರಿಂದ 65ರ ಕಾಲದ್ದು, ನಿಜ. ಆದರೆ ಪ್ಲೇಟ್ ಬದಲಾಯಿಸೋಕೆ ನಾಲ್ಕು ಸ್ಕ್ರೂ ಸಾಕು. ನಾನು ಅದಕ್ಕೆ ಕೊಡೋ ಬೆಲೆ ತೀರಾ ಕಡಿಮೆ.

ನೆಕ್ ತೆಗೆದ ಮೇಲೆ ಅದು ಕೂರೋ ಜಾಗ ಕಾಣುತ್ತಲ್ಲ, ನಿಜವಾದ ಸಾಕ್ಷಿ ಅಲ್ಲಿದೆ. 1962ರ ಕೊನೆಯಿಂದ ಫೆಂಡರ್‌ನಲ್ಲಿ ಬಾಡಿಗೆ ಬಣ್ಣ ಹೊಡೆಯುವಾಗ ಅಲ್ಲಿ ಒಂದು ಪಟ್ಟಿ ಕೋಲು ಸ್ಕ್ರೂ ಮಾಡಿ ಹಿಡಿ ಥರ ಬಳಸ್ತಿದ್ದರು. ಕೋಲಿದ್ದ ಕಡೆ ಬಣ್ಣ ಬಿದ್ದಿಲ್ಲ, ಖಾಲಿ ಪಟ್ಟಿ ಉಳಿದಿದೆ. ಪಿಕ್‌ಗಾರ್ಡ್ (ಮುಂದಿನ ಪ್ಲಾಸ್ಟಿಕ್ ಹಲಗೆ) ಮತ್ತು ಕಂಟ್ರೋಲ್ ಪ್ಲೇಟ್ (ನಾಬ್‌ಗಳಿರೋ ಲೋಹದ ಪ್ಲೇಟ್) ಎತ್ತಿದರೆ ಸಣ್ಣ ಮೊಳೆ ತೂತುಗಳೂ ಸಿಗಬೇಕು. ಬಣ್ಣ ಒಣಗೋವಾಗ ಬಾಡಿ ಮೇಜಿಗೆ ತಾಗದ ಹಾಗೆ ಮೊಳೆ ಹೊಡೆದು ಆಮೇಲೆ ಕೀಳ್ತಿದ್ದರು, 1964ರವರೆಗೂ ಈ ಪದ್ಧತಿ ಇತ್ತು. ಬಣ್ಣ ಆದ ಮೇಲೆ ಮೊಳೆ ಕಿತ್ತಿದ್ದರಿಂದ ತೂತಿನ ಒಳಗೆ ಬಣ್ಣ ಇರಬಾರದು. ಒಳಗೂ ಬಣ್ಣ ಇಳಿದಿದ್ದರೆ ಅದು ಮರುಬಣ್ಣ, ಮಾರೋರು ಏನೇ ಹೇಳಲಿ.

ನಮ್ಮ ಬೇಸಿಗೆ ಬಣ್ಣವೇ ಇಲ್ಲವಲ್ಲ ಅಂತೀರಾ? ಕೆರೆದೋರು ಹೊರಗಡೆಯನ್ನ ಚೆನ್ನಾಗಿ ಉಜ್ಜಿರ್ತಾರೆ, ವಾಲ್ಯೂಮ್-ಟೋನ್ ನಿಯಂತ್ರಿಸೋ ಪಾಟ್‌ಗಳಿರೋ ಗುಂಡಿಯ ಮೂಲೆ ಉಜ್ಜೋ ತಾಳ್ಮೆ ಬಹಳ ಜನಕ್ಕೆ ಇರಲ್ಲ. ಟಾರ್ಚ್ ಬಿಟ್ಟು ನೋಡಿ, ಹಳದಿ ಸೀಲರ್ (ಬಣ್ಣದ ಕೆಳಗಿನ ಪದರ), ಮೂಲ ಬಣ್ಣದ ತುಂತುರು ಅಲ್ಲೇ ಕೂತಿರುತ್ತೆ. ಹಾಗಾಗಿ ಕೆರೆದ ಬಾಡಿಯನ್ನ ಪರೀಕ್ಷೆ ಮಾಡೋದು, ಕೈಚಳಕದಿಂದ ಮತ್ತೆ ಬಳಿದ ಬಾಡಿಯನ್ನ ಪರೀಕ್ಷೆ ಮಾಡೋದಕ್ಕಿಂತ ಸುಲಭ. ಬಣ್ಣ ಉಳಿದಿದ್ದರೆ 365 ನ್ಯಾನೋಮೀಟರಿನ ಯುವಿ (ನೇರಳಾತೀತ) ಟಾರ್ಚ್ ತಗೊಂಡು ಕತ್ತಲೆ ಕೋಣೆಗೆ ಹೋಗಿ. ಹಳೇ ನೈಟ್ರೋ ಲ್ಯಾಕರ್ (ನೈಟ್ರೋಸೆಲ್ಯುಲೋಸ್ ಪಾಲಿಶ್) ಹಳದಿ-ಹಸಿರಾಗಿ ಮಂಕಾಗಿ ಹೊಳೆಯುತ್ತೆ, ಆಮೇಲೆ ತೇಪೆ ಹಾಕಿದ ಜಾಗ ಬೇರೆ ಥರ ಕಾಣುತ್ತೆ.

ಅಳತೆ ಪಟ್ಟಿ ಒಂದು ಜೊತೆಗಿರಲಿ. ಅರವತ್ತರ ದಶಕದ ಜಾಝ್ ಬೇಸಿನಲ್ಲಿ ತಂತಿಯ ಕಂಪನ ಹಿಡಿಯೋ ಎರಡು ಪಿಕಪ್‌ಗಳ ನಡುವೆ, ಮಧ್ಯದಿಂದ ಮಧ್ಯಕ್ಕೆ, ಸುಮಾರು 3.6 ಇಂಚು. ಎಪ್ಪತ್ತರ ದಶಕದಲ್ಲಿ ಬ್ರಿಜ್ ಪಿಕಪ್ ಹಿಂದಕ್ಕೆ ಸರಿದು 4 ಇಂಚಾಯ್ತು. ಆ ಹತ್ತು ಮಿಲಿಮೀಟರ್ ವ್ಯತ್ಯಾಸವನ್ನ ಬಣ್ಣ ಬಳಿದು ಮರೆಸೋಕಾಗಲ್ಲ.

ಈಗ ವೈರಿಂಗ್. ಪಾಟ್ ಮೇಲಿನ ಅಂಕಿ ಓದಿ. 304 ಅಂದರೆ ಸ್ಟಾಕ್‌ಪೋಲ್, 137 ಅಂದರೆ ಸಿಟಿಎಸ್, ಎರಡೂ ಪಾಟ್ ತಯಾರಿಸಿದ ಕಂಪನಿಗಳು. ನಂತರ ವರ್ಷ, ಆಮೇಲೆ ವಾರ. 304 63 40 ಅಂದರೆ 1963ರ ನಲವತ್ತನೇ ವಾರ, 1964ರ ಬೇಸಿಗೆ ಸರಿಹೋಗುತ್ತೆ. ಈ ಅಂಕಿ "ಇದಕ್ಕಿಂತ ಮೊದಲು ಆಗಿರೋಕೆ ಸಾಧ್ಯವಿಲ್ಲ" ಅಂತ ಮಾತ್ರ ಹೇಳುತ್ತೆ. ಫೆಂಡರ್ 1966ರಲ್ಲಿ ಪಾಟ್‌ಗಳನ್ನ ರಾಶಿಗಟ್ಟಲೆ ಕೊಂಡು ವರ್ಷಗಟ್ಟಲೆ ಬಳಸಿತು, ಹಾಗಾಗಿ 1969ರ ಬೇಸಿನಲ್ಲಿ 1966ರ ಪಾಟ್ ಸಹಜ. 1964ರದ್ದರಲ್ಲಿ 1966ರ ಪಾಟ್ ಕಂಡರೆ ಮಾತ್ರ ಅದು ಬದಲಾಗಿದೆ. ಅಂಕಿ ಸರಿಯಿದ್ದರೂ ಬೆಸುಗೆ ನೋಡಿ. ಬಟ್ಟೆ ಸುತ್ತಿದ ವೈರ್, ಮಂಕಾದ ಸೀಸ ಇರಬೇಕು. ಹೊಳೆಯೋ ಸೀಸ ಕಂಡರೆ ಯಾರೋ ಕೈ ಹಾಕಿದ್ದಾರೆ, ಯಾವುದಕ್ಕೆ ಅಂತ ಕೇಳಿ.

ಪಿಕಪ್ ಅಳೆಯೋದರಲ್ಲಿ ಬಹಳ ಜನ ಎಡವ್ತಾರೆ. ಜಾಝ್ ಬೇಸಿನ ಪಿಕಪ್ ಸುಮಾರು 7ರಿಂದ 8 ಕಿಲೋ ಓಮ್ ಇರುತ್ತೆ. ಜ್ಯಾಕ್‌ನಲ್ಲಿ (ಕೇಬಲ್ ಚುಚ್ಚೋ ಜಾಗದಲ್ಲಿ), ಒಂದೇ ಪಿಕಪ್ಪಿನ ವಾಲ್ಯೂಮ್ ತೆರೆದು, ಅಳೆದರೆ ಅಡ್ಡ ಕೂತಿರೋ ಎರಡು 250 ಕಿಲೋ ಓಮ್ ಪಾಟ್‌ಗಳಿಂದಾಗಿ ಕಡಿಮೆ ತೋರಿಸುತ್ತೆ, ಏಳೂವರೆ ಇದ್ದದ್ದು ಏಳು ಅಂತ ಬರುತ್ತೆ. ಅದನ್ನ ನೋಡಿ ಪಿಕಪ್ ಕೆಟ್ಟಿದೆ ಅನ್ನಬೇಡಿ. ಪ್ರೀಆಂಪ್ ಕೂರಿಸಿದ ಬೇಸಿನಲ್ಲಂತೂ ಜ್ಯಾಕ್ ಅಳತೆಗೆ ಅರ್ಥವೇ ಇಲ್ಲ, ಮೀಟರಿಗೆ ಪ್ರೀಆಂಪ್ ಸಿಗುತ್ತೆ ಹೊರತು ಪಿಕಪ್ ಸಿಗಲ್ಲ. ವೈರ್ ಬಿಡಿಸಿ ನೇರ ಪಿಕಪ್‌ನಲ್ಲೇ ಅಳೆಯಿರಿ. ಒಂದು ಪಿಕಪ್ 7.4 ತೋರಿಸಿ ಇನ್ನೊಂದು 9.5 ತೋರಿಸಿದರೆ ಆ ಎರಡನೇದರ ತಂತಿ ಸುರುಳಿಯನ್ನ ಮತ್ತೆ ಸುತ್ತಿಸಿರಬಹುದು.

ಕೊನೆಗೆ ಫಿಂಗರ್‌ಬೋರ್ಡ್. 1962ರ ನಡುವಿನವರೆಗೆ ದಪ್ಪ ರೋಸ್‌ವುಡ್ ಹಲಗೆ, ಬುಡದಲ್ಲಿ ಮೇಪಲ್ ಜೊತೆ ಸೇರೋ ಗೆರೆ ನೇರ. ಆಮೇಲೆ ತೆಳು ಪದರ, ಗೆರೆ ಕಮಾನಿನ ಹಾಗೆ ಬಾಗಿರುತ್ತೆ. 1964ರ ನೆಕ್ಕಿನಲ್ಲಿ ನೇರ ಗೆರೆ ಕಂಡರೆ ಹಲಗೆ ಬದಲಾಗಿದೆ. ಆ ತೆಳು ಪದರವನ್ನ ಫ್ರೆಟ್‌ಲೆಸ್‌ಗೆ ಅಂತ ಉಜ್ಜಿದ್ದರೆ ಉಳಿದದ್ದು ಎಷ್ಟು ಅಂತ ಅಂಚಿನಲ್ಲಿ ಅಳೆಯಿರಿ, ಮತ್ತೆ ಫ್ರೆಟ್ ಹಾಕಿಸೋ ಆಸೆ ಇದ್ದರೆ ಇದೇ ನಿರ್ಣಾಯಕ. ಇನ್ನೊಂದು ವಿಷಯ: ಆ ಕಾಲದ ಮರ ಬ್ರೆಜಿಲ್ ರೋಸ್‌ವುಡ್. ದಶಕದ ನಡುವಿನಿಂದ ಫೆಂಡರ್ ಭಾರತದ ರೋಸ್‌ವುಡ್‌ಗೆ ಹೋಯಿತು, ಅದು ನಮ್ಮ ಮಲೆನಾಡು, ಕೊಡಗಿನ ಬೀಟೆ ಮರದ ಜಾತಿಯೇ. ಬ್ರೆಜಿಲಿನದಕ್ಕೆ 1992ರಿಂದ ಸೈಟ್ಸ್ (ಅಪಾಯದಲ್ಲಿರೋ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ) ಒಪ್ಪಂದದ ಅತಿ ಬಿಗಿ ಪಟ್ಟಿಯ ನಿಯಮ ಅನ್ವಯಿಸುತ್ತೆ. ಅಮೆರಿಕದಲ್ಲಿ ಕೊಂಡು ಬೆಂಗಳೂರಿಗೆ ತರೋ ಯೋಚನೆ ಇದ್ದರೆ ದುಡ್ಡು ಕೊಡೋ ಮೊದಲೇ ಪರವಾನಗಿ ವಿಚಾರಿಸಿ.

ದೂರದಿಂದ ಕೊಳ್ಳೋದಾದರೆ ಐದು ಫೋಟೋ ಕೇಳಿ: ನೆಕ್ಕಿನ ಬುಡ, ನೆಕ್ ಕೂರೋ ಜಾಗ, ಪಿಕ್‌ಗಾರ್ಡ್ ತೆಗೆದ ಬಾಡಿ, ಪಾಟ್‌ಗಳ ಹಿಂಬದಿ, ಪಿಕಪ್‌ಗಳ ತಳ. "ಈ ತೂತು ಇಂಥದ್ದಕ್ಕೆ ಕೊರೆದದ್ದು, ಈ ಪಾಟ್ ಹೊಸದು" ಅಂತ ಬಾಯಿಬಿಟ್ಟು ಹೇಳೋರ ಹತ್ತಿರ ಚೌಕಾಸಿ ಮಾಡಿ. ಮರುಬಣ್ಣ ಆದದ್ದಕ್ಕೆ ಸಾಮಾನ್ಯವಾಗಿ ಬೆಲೆ ಅರ್ಧಕ್ಕೆ ಇಳಿಯುತ್ತೆ, ಅಲ್ಲಿಂದ ಮಾತು ಶುರು ಮಾಡಿ. "ಅರವತ್ತು ವರ್ಷದಿಂದ ಬಿಚ್ಚಿಲ್ಲ, ಈಗಲೂ ಬಿಚ್ಚಲ್ಲ" ಅಂತ ಒರಿಜಿನಲ್ ಬೆಲೆ ಕೇಳೋರಿಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.