ಇಪ್ಪತ್ತನೇ ಆಳಿನ ಲೆಕ್ಕ

ಕೇಳುಗರಿಗೆ ನಮಸ್ಕಾರ. ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಟೈಲರ್ ಒಬ್ಬರಿಗೆ ತಿಂಗಳಿಗೆ 15,000 ರೂಪಾಯಿ ಪಗಾರ ಎಂದುಕೊಳ್ಳೋಣ. ಭವಿಷ್ಯ ನಿಧಿ ಅಂದರೆ ಪಿಎಫ್‌ಗೆ ಶೇ 12ರಂತೆ 1,800, ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಶೇ 0.75ರಂತೆ 113 ಕಡಿತವಾಗಿ ಕೈಗೆ ಸಿಗುವುದು 13,087. ಇತ್ತ ಮಾಲೀಕರು ತಮ್ಮ ಪಾಲಿನ ಪಿಎಫ್ 1,800, ವಿಮೆ ಮತ್ತು ಆಡಳಿತ ಶುಲ್ಕ 150, ಇಎಸ್‌ಐಗೆ ಶೇ 3.25ರಂತೆ 488 ಕಟ್ಟಬೇಕು. ಅವರಿಗೆ ಬೀಳುವ ಖರ್ಚು 17,438. ಬೋನಸ್, ಗ್ರಾಚ್ಯುಟಿ ಇನ್ನೂ ಸೇರಿಲ್ಲ.

ಕಾಗದದ ಮೇಲೆ ಮಾಲೀಕರ ಪಾಲು ಮಾಲೀಕರದ್ದೇ. ಆದರೆ ಸಗಟು ಖರೀದಿದಾರ ಪ್ಯಾಂಟಿಗೆ ದರ ಹೆಚ್ಚಿಸದಿದ್ದರೆ, ಏರಬೇಕಿದ್ದ ಪೀಸ್ ರೇಟ್, ಅಂದರೆ ಹೊಲಿದ ಪೀಸಿಗೆ ಇಷ್ಟೆಂದು ಕೊಡುವ ಕೂಲಿ, ಏರುವುದಿಲ್ಲ. ಹೊರೆ ಕೊನೆಗೆ ಟೈಲರ್ ಹೆಗಲಿಗೂ ಬರುತ್ತದೆ.

ನೇಮಕಾತಿಗೆ ಇದಕ್ಕಿಂತ ದೊಡ್ಡ ಅಡ್ಡಿ ತಲೆ ಎಣಿಕೆ. 10 ಜನರಾದರೆ ಇಎಸ್‌ಐ, 20 ಆದರೆ ಪಿಎಫ್ ಕಡ್ಡಾಯ. 19 ಮಂದಿ ಇದ್ದ ಕಡೆ ಇನ್ನೊಬ್ಬರು ಬಂದರೆ ಪಿಎಫ್ ಇಪ್ಪತ್ತೂ ಮಂದಿಗೆ ಶುರುವಾಗುತ್ತದೆ. ಮಾಲೀಕರಿಗೆ ತಲೆಗೆ 1,950ರಂತೆ ತಿಂಗಳಿಗೆ 39,000. ಹಾಗಾಗಿ ಹಬ್ಬದ ಆರ್ಡರ್ ಬಂದಾಗಲೂ ಹೊಸಬರನ್ನು ತೆಗೆದುಕೊಳ್ಳದೆ, ಇದ್ದವರಿಂದಲೇ ಓಟಿ ಮಾಡಿಸುವುದುಂಟು. ಒಂದೇ ಶೆಡ್ಡಿಗೆ ಹೆಂಡತಿ ಹೆಸರಲ್ಲಿ ಎರಡನೇ ಬೋರ್ಡ್ ತೂಗುಹಾಕುವ ಜಾಣರೂ ಇದ್ದಾರೆ! ಮೆಷಿನ್, ಕರೆಂಟ್ ಮೀಟರ್, ಲೆಕ್ಕಪತ್ರ ಒಂದೇ ಎಂದು ಕಂಡರೆ ಪಿಎಫ್ ಅಧಿಕಾರಿಗಳು ಎರಡನ್ನೂ ಕೂಡಿಸಿ ಎಣಿಸಬಹುದು. ಆಗ ಹಳೆ ಬಾಕಿಯ ಜೊತೆ ವರ್ಷಕ್ಕೆ ಶೇ 12 ಬಡ್ಡಿ, ಮೇಲೆ ದಂಡ. ಒಮ್ಮೆ ಪಿಎಫ್ ವ್ಯಾಪ್ತಿಗೆ ಬಂದ ಮೇಲೆ ಜನ 20ಕ್ಕಿಂತ ಇಳಿದರೂ ಬಿಡುಗಡೆಯಿಲ್ಲ.

"ಕಟ್ ಮಾಡಬ್ಯಾಡ್ರಿ, ಕೈಗೇ ಕೊಡ್ರಿ" ಎನ್ನುವ ಕಾರ್ಮಿಕರೂ ಇದ್ದಾರೆ. ಕಟ್ಟಿದ್ದು ತಮಗೆ ದಕ್ಕುತ್ತದೆಂಬ ನಂಬಿಕೆ ಇಲ್ಲದಿದ್ದರೆ ವಂತಿಗೆ ಬರೀ ತೆರಿಗೆಯಂತೆ ಕಾಣುತ್ತದೆ. ಆ ನಂಬಿಕೆ ಕೆಡುವುದು ಹಾಜರಿಯಲ್ಲಿ. ಇಎಸ್‌ಐನಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಎರಡು ಅವಧಿ. ಒಂದು ಅವಧಿಯಲ್ಲಿ 78 ದಿನದ ವಂತಿಗೆ ಇದ್ದರೆ ಮುಂದೆ ಕಾಯಿಲೆ ರಜೆಗೆ ಕೂಲಿಯ ಶೇ 70 ಸಿಗುತ್ತದೆ. ದಿನಗೂಲಿ 500 ಇದ್ದಾಗ ಒಂದು ದಿನದ ಹಾಜರಿ ಮುಚ್ಚಿಟ್ಟರೆ ಮಾಲೀಕರಿಗೆ ಉಳಿಯುವುದು 16 ರೂಪಾಯಿ ಚಿಲ್ಲರೆ. 78ಕ್ಕೆ ಒಂದೆರಡು ದಿನ ಕಮ್ಮಿ ಬಿದ್ದರೂ, ಹಾಸಿಗೆ ಹಿಡಿದ ಟೈಲರ್‌ಗೆ ದಿನಕ್ಕೆ 350 ರೂಪಾಯಿ ಖೋತಾ.

ಅದಕ್ಕೇ ತಿಂಗಳ 15ನೇ ತಾರೀಕು ದಾಟಿದ ಮೇಲೆ ಮೊಬೈಲ್‌ನಲ್ಲಿ ಪಿಎಫ್ ಪಾಸ್‌ಬುಕ್ ನೋಡಿ. ಹಿಂದಿನ ತಿಂಗಳ ವಂತಿಗೆ ಕಟ್ಟಲು ಅದೇ ಕೊನೆಯ ದಿನ. ಘಟಕ ಬದಲಿಸಿದರೆ ಹಳೆಯ ಯುಎಎನ್, ಅಂದರೆ ಪಿಎಫ್ ಖಾತೆಯ ಕಾಯಂ ನಂಬರನ್ನೇ ಕೊಡಿ. ಪಿಂಚಣಿಗೆ 10 ವರ್ಷದ ಸೇವೆ ಬೇಕು, ನಡುವೆ ಪಿಂಚಣಿ ಹಣ ಬಿಡಿಸಿಕೊಂಡರೆ ಎಣಿಕೆ ಮತ್ತೆ ಸೊನ್ನೆಯಿಂದ.