ಮನೆ ಬಾಗಿಲಿಗೆ ವಸೂಲಿಗೆ ಬಂದ್ರೆ ಮೊದಲು ಕೇಳಿ: ಕಾಗದ ಎಲ್ಲಿ?

ನಮಸ್ಕಾರ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: ‘ಸಾಲ ಇಸ್ಕೊಳ್ಳೋವಾಗ ನಗ್ತಾರೆ, ಕಟ್ಟೋವಾಗ ಅಳ್ತಾರೆ. ಮನೆ ಮುಂದೆ ಬಂದು ಕೂತ್ರೆ ತಪ್ಪೇನು?’

ತಪ್ಪೇನು ಅಂತ ಹೇಳ್ತೀನಿ, ಕೇಳಿ ಸ್ವಾಮಿ. ಸಾಲ ತೀರಿಸ್ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ವಸೂಲಿ ಹುಡುಗ ಬಂದು ಬಾಗಿಲಲ್ಲಿ ನಿಂತಾಗ ನಮ್ಮ ಹೆಣ್ಮಕ್ಕಳ ಬಾಯಲ್ಲಿ ಮೊದಲು ಬರೋದು ‘ಇನ್ನೊಂದು ವಾರ ತಡ್ಕೊಳ್ಳಿ ಅಣ್ಣ’. ಅದಲ್ಲ ಕಣಮ್ಮ ಕೇಳ್ಬೇಕಾದ್ದು. ಮೊದಲ ಮಾತು: ‘ಕಾಗದ ತೋರ್ಸಿ.’

ಯಾವ ಕಾಗದ? ಬ್ಯಾಂಕು, ಫೈನಾನ್ಸ್ ಕಂಪನಿ ಕಡೆಯಿಂದ ಏಜೆಂಟ್ ಬಂದಿದ್ರೆ ಅವನ ಗುರುತಿನ ಚೀಟಿ, ವಸೂಲಿ ಮಾಡು ಅಂತ ಕಂಪನಿ ಕೊಟ್ಟಿರೋ ಅಧಿಕಾರ ಪತ್ರ, ನಿಮಗೆ ಕಳಿಸಿದ ನೋಟಿಸಿನ ಪ್ರತಿ. ಮೂರನ್ನೂ ಫೋನಲ್ಲಿ ಫೋಟೋ ಹೊಡ್ಕೊಳ್ಳಿ. ತೋರಿಸಲ್ಲ ಅಂದ್ರೆ ಅವನು ಯಾರೋ ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದವನ ಕೈಗೆ ಒಂದು ರೂಪಾಯಿನೂ ಕೊಡ್ಬೇಡಿ.

ಈಗ ಸಂಘದ ಸಾಲಕ್ಕೆ ಬನ್ನಿ. ಮದ್ದೂರು, ಮಳವಳ್ಳಿ, ನಂಜನಗೂಡು, ಎಲ್ಲಿ ಹೋದ್ರೂ ಇದೇ ಗೋಳು. ಕಬ್ಬಿನ ಬಿಲ್ಲು ಬರೋದು ವರ್ಷಕ್ಕೊಂದ್ಸಲ, ಕಂತು ಬರೋದು ವಾರಕ್ಕೊಂದ್ಸಲ. ಮಧ್ಯೆ ಒಂದು ಕಂತು ತಪ್ಪಿದ್ರೆ ಗುಂಪಿನವರನ್ನೆಲ್ಲ ಜಗಲಿ ಮೇಲೆ ಕೂರಿಸಿ, ರಾತ್ರಿ ತನಕ ಎಬ್ಬಿಸಲ್ಲ. ಆರ್‌ಬಿಐ 2022ರಲ್ಲೇ ಮೈಕ್ರೋಫೈನಾನ್ಸ್ ಸಾಲಕ್ಕೆ ನಿಯಮ ಮಾಡಿದೆ. ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರೋ ಮನೆಗೆ ಅಡಮಾನ ಇಲ್ಲದೆ ಕೊಟ್ಟ ಸಾಲಕ್ಕೆ ಅದು ಅನ್ವಯ. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನೂ ಮಾಡಂಗಿಲ್ಲ, ಬರಂಗೂ ಇಲ್ಲ. ವಸೂಲಿ ಆಗ್ಬೇಕಾದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ಅಲ್ಲಿಗೆ ನೀವು ಸತತ ಎರಡು ಸಲ ಬರದೇ ಇದ್ರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ನಿಮ್ಮ ಮನೆ ಆದಾಯ ತಿಂಗಳಿಗೆ 20 ಸಾವಿರ ಅಂದ್ರೆ ಎಲ್ಲಾ ಸಾಲದ ಕಂತೂ ಸೇರಿ 10 ಸಾವಿರ ದಾಟಬಾರದು. ಅದನ್ನ ನೋಡಿ ಸಾಲ ಕೊಡ್ಬೇಕಾದ್ದು ಕಂಪನಿ. ನೋಡದೆ ನಾಲ್ಕನೇ ಸಾಲ ಕೊಟ್ಟು, ಆಮೇಲೆ ಬಾಗಿಲಲ್ಲಿ ಕೂಗಾಡೋದು ಯಾವ ನ್ಯಾಯ?

ಇದಕ್ಕೂ ಒಂದು ಕಾಗದ ಇದೆ. ಸಾಲದ ಕಾರ್ಡು. ನಿಮಗೆ ಅರ್ಥವಾಗೋ ಭಾಷೇಲಿ, ಅಂದ್ರೆ ಕನ್ನಡದಲ್ಲಿ ಇರ್ಬೇಕು. ಬಡ್ಡಿ ಎಷ್ಟು, ದೂರು ಯಾರಿಗೆ ಅನ್ನೋದು ಅದರಲ್ಲಿ ಇರ್ಬೇಕು. ಕಟ್ಟಿದ ಪ್ರತಿ ಕಂತೂ ಅದರಲ್ಲಿ ದಾಖಲಾಗ್ಬೇಕು. ನೀವು ದುಡ್ಡು ಎಣಿಸಿ ಕೈಗೆ ಕೊಡ್ತೀರಿ, ಹುಡುಗ ‘ಆಮೇಲೆ ಬರೀತೀನಿ ಅಕ್ಕ’ ಅಂತಾನೆ. ಆ ಹುಡುಗ ಕೆಲಸ ಬಿಟ್ಟು ಹೋದ ಅನ್ಕೊಳ್ಳಿ, ಆ ಕಂತು ಕಟ್ಟಿದ್ದಕ್ಕೆ ಸಾಕ್ಷಿ ಎಲ್ಲಿದೆ? ಬರೆಯೋ ತನಕ ದುಡ್ಡು ಕೈ ಬಿಡ್ಬೇಡಿ.

‘ಇಂಥದ್ದೆಲ್ಲ ಹೇಳ್ಕೊಟ್ರೆ ಯಾರೂ ಸಾಲ ಕಟ್ಟಲ್ಲ’ ಅಂತ ಇನ್ನೊಬ್ಬರ ವಾದ. ಅಯ್ಯೋ, ರಸೀದಿ ಕೇಳೋದು ಕಟ್ಟೋರೇ! ಕಟ್ಟದೇ ಇರೋರಿಗೆ ರಸೀದಿ ಯಾತಕ್ಕೆ?

ಕಾಗದ ಯಾಕೆ ಮುಖ್ಯ ಅಂದ್ರೆ, ಯಾವ ಬಾಗಿಲು ತಟ್ಟಬೇಕು ಅಂತ ಅದೇ ಹೇಳೋದು. ಆರ್‌ಬಿಐ ನೋಂದಣಿ ಇರೋ ಕಂಪನಿ ಆದ್ರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆದು ಕೊಡಿ. ಸಾಲದ ಖಾತೆ ನಂಬರ್, ಬಂದ ದಿನ, ಗಂಟೆ, ಆಡಿದ ಮಾತು ಹಾಗೇ ಬರೀರಿ. ಇಮೇಲ್ ಅಥವಾ ಸ್ಪೀಡ್ ಪೋಸ್ಟಲ್ಲಿ ಕಳಿಸಿ, ರಸೀದಿ ಇಟ್ಕೊಳ್ಳಿ. 30 ದಿನದಲ್ಲಿ ಉತ್ತರ ಬರ್ಲಿಲ್ಲ, ಇಲ್ಲಾ ಸರಿ ಹೋಗ್ಲಿಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್, ಗ್ರಾಹಕರ ದೂರು ಕೇಳೋಕೆ ಆರ್‌ಬಿಐ ನೇಮಿಸಿರೋ ಅಧಿಕಾರಿ. ಫೋನ್ 14448. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಮೊದಲ ದೂರಿನ ಪ್ರತಿ ಇಲ್ದೆ ಹೋದ್ರೆ ಅಲ್ಲಿ ದೂರು ನಿಲ್ಲಲ್ಲ. ಬಹಳ ಜನ ಎಡವೋದು ಇಲ್ಲೇ.

ಮೀಟರ್ ಬಡ್ಡಿಯವನು, ನೋಂದಣಿ ಇಲ್ಲದ ಫೈನಾನ್ಸ್ ಆದ್ರೆ ದಾರಿ ಬೇರೆ. 2025ರಲ್ಲಿ ಕರ್ನಾಟಕದಲ್ಲಿ ಕಿರುಸಾಲದ ಬಲವಂತದ ವಸೂಲಿ ತಡೆಯೋಕೇ ಕಾನೂನು ಬಂದಿದೆ. 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ದೂರು ತಗೊಳ್ಳಲ್ಲ ಅಂತ ಪೊಲೀಸರು ಹೇಳಂಗಿಲ್ಲ. ಹೊಡಿಯೋಕೆ ಬಂದ್ರೆ, ಮನೇಲಿ ನುಗ್ಗಿದ್ರೆ ಸಾಲ ಯಾರದ್ದೇ ಆಗ್ಲಿ, ಆ ಕ್ಷಣ 112.

‘ಜೈಲಿಗೆ ಹಾಕಿಸ್ತೀನಿ’ ಅಂತಾರಲ್ಲ, ಕಂತು ಕಟ್ಟೋಕಾಗದೇ ಇರೋದು ಅಪರಾಧ ಅಲ್ಲ, ಅದು ಸಿವಿಲ್ ವಿಷಯ. ಆದ್ರೆ ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಿದ್ರೆ ಹುಷಾರು. ಅದು ಬೌನ್ಸ್ ಆಗಿ ನೋಟಿಸ್ ಬಂದ್ರೆ 15 ದಿನ ಇರುತ್ತೆ, ಸುಮ್ನೆ ಕೂರ್ಬೇಡಿ, ವಕೀಲರನ್ನ ನೋಡಿ. ಹೆಣ್ಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ, 15100ಕ್ಕೆ ಫೋನ್ ಮಾಡಿ. ಇನ್ನು ‘ಜಮೀನು ಹರಾಜು’ ಅಂತಾರೆ. ಕೋರ್ಟಿಗೆ ಹೋಗದೆ ಆಸ್ತಿ ಹಿಡಿಯೋಕೆ ಬ್ಯಾಂಕಿನವರು ಬಳಸೋ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ತಗಲೋದೇ ಇಲ್ಲ. ಮನೆ ಅಡ ಇಟ್ಟಿದ್ರೂ ಮೊದಲು 60 ದಿನದ ನೋಟಿಸ್ ಕೊಡ್ಬೇಕು. ನೋಟಿಸ್ ಅಂದ್ರೇನು? ಕಾಗದ!

ಸೆಟಲ್‌ಮೆಂಟ್ ಅಂತ ಕರೀತಾರೆ. ‘ಇವತ್ತೇ 40 ಸಾವಿರ ಹಾಕಿ, ಪೂರ್ತಿ ಚುಕ್ತಾ’ ಅಂತಾರೆ. ಚುಕ್ತಾ ಅನ್ನೋದು ಕಂಪನಿ ಪತ್ರದಲ್ಲಿ ಬಂದ ಮೇಲೆ ದುಡ್ಡು ಹಾಕಿ, ಅದೂ ಕಂಪನಿ ಖಾತೆಗೆ. ಹುಡುಗನ ಸ್ವಂತ ಫೋನ್‌ಪೇಗಲ್ಲ. ಕಟ್ಟಿದ ಮೇಲೆ ಬಾಕಿ ಇಲ್ಲ ಅನ್ನೋ ಪತ್ರ ಇಸ್ಕೊಳ್ಳಿ. ಹೀಗೆ ಕಡಿಮೆಗೆ ಮುಗಿಸಿದ್ರೆ ಸಿಬಿಲ್‌ನಲ್ಲಿ, ಅಂದ್ರೆ ನಿಮ್ಮ ಸಾಲದ ಚರಿತ್ರೆ ಇರೋ ದಾಖಲೇಲಿ, ‘ಸೆಟಲ್ಡ್’ ಅಂತ ಬೀಳುತ್ತೆ, ಮುಂದೆ ಸಾಲ ಸಿಗೋದು ಕಷ್ಟ. ಅದನ್ನ ತಿಳ್ಕೊಂಡೇ ಒಪ್ಕೊಳ್ಳಿ.

ಗೋಡೆ ಮೇಲೆ ‘ಈ ಮನೆ ಸಾಲದಲ್ಲಿದೆ’ ಅಂತ ಬಳಿಯೋಕೆ ನಿನಗೆ ಯಾರಪ್ಪ ಅಧಿಕಾರ ಕೊಟ್ಟಿದ್ದು? ತೋರ್ಸು ಕಾಗದ! ಪಕ್ಕದ ಮನೆಯವರ ಮುಂದೆ ಮಾನ ತೆಗೆಯೋಕೆ, ಮಗಳ ಫೋನಿಗೆ ಮಾಡೋಕೆ? ತೋರ್ಸು! ಇಲ್ವಾ? ಹಾಗಾದ್ರೆ ಹೊಸ್ತಿಲು ಇಳಿ!

ದೂರಿನ ಮಾದರಿ ಪತ್ರ ಕನ್ನಡದಲ್ಲಿ ಟೈಪ್ ಮಾಡಿ ಕೆಳಗೆ ಹಾಕಿದೀನಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ನಿಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಇದನ್ನ ಈಗಲೇ ಕಳಿಸಿ, ನಾಳೆ ಬೆಳಗ್ಗೆ ಮೀಟಿಂಗಿಗೆ ಮುಂಚೆ ಹತ್ತೂ ಜನ ನೋಡ್ಲಿ. ಟ್ರಂಕಲ್ಲಿ ಎಲ್ಲೋ ಮಡಿಸಿಟ್ಟಿರೋ ಆ ಸಾಲದ ಕಾರ್ಡು, ಇವತ್ತು ರಾತ್ರಿನೇ ತೆಗೆದು ಎರಡೂ ಕಡೆ ಫೋಟೋ ಹೊಡ್ಕೊಳ್ಳಿ.