ಆನೆಕಾಲು ರೋಗ: ರಾತ್ರಿಯ ರಕ್ತ, ಹಗಲಿನ ರಕ್ತ

ಕೇಳುಗರಿಗೆ ನಮಸ್ಕಾರ.

ಆನೆಕಾಲು ರೋಗದ ಸೋಂಕನ್ನು ಪತ್ತೆ ಮಾಡುವ ಹಳೆಯ ರಕ್ತಪರೀಕ್ಷೆಗೆ ಒಂದು ವಿಚಿತ್ರ ಕಟ್ಟುಪಾಡಿದೆ: ಸಾಮಾನ್ಯವಾಗಿ ರಾತ್ರಿ 10ರಿಂದ 2 ಗಂಟೆಯೊಳಗೆ ರಕ್ತ ತೆಗೆಯಬೇಕು. ಈ ರೋಗವನ್ನು ಹೆಚ್ಚಾಗಿ ತರುವ ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ದಾರದಂಥ ಹುಳು ದುಗ್ಧರಸ ನಾಳಗಳಲ್ಲಿ, ಅಂದರೆ ಅಂಗಾಂಶಗಳ ದ್ರವವನ್ನು ರಕ್ತಕ್ಕೆ ಮರಳಿಸುವ ನಾಳಗಳಲ್ಲಿ, ನೆಲೆಸುತ್ತದೆ. ಅದು ಹೆರುವ ಸೂಕ್ಷ್ಮ ಮರಿಗಳು, ಅಂದರೆ ಮೈಕ್ರೋಫೈಲೇರಿಯಾಗಳು, ಹಗಲೆಲ್ಲ ಮುಖ್ಯವಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ಸೊಳ್ಳೆ ಕಚ್ಚುವ ಹೊತ್ತಿಗೆ ಚರ್ಮದ ಸಮೀಪದ ರಕ್ತಕ್ಕೆ ಬರುತ್ತವೆ. ಹೀಗಾಗಿ ಮಧ್ಯಾಹ್ನ ತೆಗೆದ ರಕ್ತದಲ್ಲಿ ಮರಿಗಳು ಕಾಣಲಿಲ್ಲವೆಂದರೆ, ಅದರಿಂದ ಸೋಂಕಿಲ್ಲವೆಂದು ಹೇಳಲಾಗದು.

ಬೆರಳಿನಿಂದ ಸುಮಾರು 60 ಮೈಕ್ರೋಲೀಟರ್ ರಕ್ತ ತೆಗೆದು, ಗಾಜಿನ ಮೇಲೆ ದಪ್ಪವಾಗಿ ಲೇಪಿಸಿ, ಬಣ್ಣ ಹಾಕಿ ನೋಡುವ ಈ ವಿಧಾನ ಅಗ್ಗವಾದದ್ದು. ಬಾಲದ ತುದಿಯ ಕೋಶಕೇಂದ್ರಗಳನ್ನು ನೋಡಿ ಹುಳುವಿನ ಜಾತಿಯನ್ನೂ ಗುರುತಿಸಬಹುದು. ಆದರೆ ಮರಿಗಳು ವಿರಳವಾಗಿದ್ದರೆ ಅಷ್ಟು ಸಣ್ಣ ಹನಿಯಲ್ಲಿ ಸಿಗದೇ ಹೋಗುತ್ತವೆ. ಆಗ 1 ಮಿಲಿಲೀಟರ್ ರಕ್ತವನ್ನು ಸೂಕ್ಷ್ಮ ಜಾಲರಿಯಲ್ಲಿ ಸೋಸಿ ನೋಡುವುದು ಮೇಲು.

ಇನ್ನೊಂದು ವಿಧಾನವಾದ ಪ್ರತಿಜನಕ (ಆ್ಯಂಟಿಜನ್) ಪರೀಕ್ಷೆ ಮರಿಗಳನ್ನು ಹುಡುಕುವುದಿಲ್ಲ. ಬೆಳೆದ ಹುಳು ಸ್ರವಿಸುವ ವಸ್ತುವನ್ನು, ಅಂದರೆ ಪ್ರತಿಜನಕವನ್ನು, ಅದು ಹಿಡಿಯುವುದರಿಂದ ರಕ್ತವನ್ನು ಯಾವ ಹೊತ್ತಿನಲ್ಲಾದರೂ ತೆಗೆಯಬಹುದು. ಈಗ ಸಮೀಕ್ಷೆಗಳಲ್ಲಿ ಬಳಸುವ ಒಂದು ಪರೀಕ್ಷಾ ಪಟ್ಟಿಗೆ (ಸ್ಟ್ರಿಪ್) 75 ಮೈಕ್ರೋಲೀಟರ್ ರಕ್ತ ಸಾಕು, ಫಲಿತಾಂಶವನ್ನು ಸರಿಯಾಗಿ 10 ನಿಮಿಷಕ್ಕೆ ಓದಬೇಕು. ತಡವಾಗಿ ಓದಿದರೆ ಸೋಂಕಿಲ್ಲದವರಲ್ಲೂ ಗೆರೆ ಮೂಡಬಹುದು. ಅವಸರದ ಶಿಬಿರಗಳಲ್ಲಿ ಈ ಸರಳ ನಿಯಮವೇ ಮೊದಲು ತಪ್ಪುವುದೆಂದು ನನ್ನ ಅನಿಸಿಕೆ. ಇನ್ನೂ ಎರಡು ಮಿತಿಗಳಿವೆ. ಚಿಕಿತ್ಸೆಯಿಂದ ಮರಿಗಳು ಮರೆಯಾದ ಮೇಲೂ ಪ್ರತಿಜನಕ ಬಹುಕಾಲ ಉಳಿಯಬಲ್ಲದು, ಆದ್ದರಿಂದ ಔಷಧಿ ಕೆಲಸ ಮಾಡಿತೇ ಎಂದು ತಿಳಿಯಲು ಇದೊಂದನ್ನೇ ನಂಬುವಂತಿಲ್ಲ. ಮಧ್ಯ ಆಫ್ರಿಕಾದಲ್ಲಿ ಲೋವಾ ಲೋವಾ ಎಂಬ ಬೇರೊಂದು ಹುಳು ದೇಹದಲ್ಲಿ ಹೆಚ್ಚಾಗಿದ್ದರೂ ಪಟ್ಟಿ ಮೋಸ ಹೋಗಿ ಗೆರೆ ತೋರಬಹುದು.

ಆನೆಕಾಲು ರೋಗವನ್ನೇ ತರುವ ಬ್ರೂಜಿಯಾ ಮಲಾಯಿ ಎಂಬ ಇನ್ನೊಂದು ಜಾತಿಯ ಹುಳುವಿಗಂತೂ ಈ ಪಟ್ಟಿ ಸ್ಪಂದಿಸುವುದೇ ಇಲ್ಲ. ಅಲ್ಲಿ ಪ್ರತಿಕಾಯ ಪರೀಕ್ಷೆಯ ಮೊರೆ ಹೋಗಬೇಕು. ಪ್ರತಿಕಾಯವೆಂದರೆ ದೇಹ ಹುಳುವಿಗೆ ತೋರಿದ ಪ್ರತಿಕ್ರಿಯೆ. ಹಿಂದಿನ ಸೋಂಕನ್ನೂ ಇಂದಿನದನ್ನೂ ಅದು ಸ್ಪಷ್ಟವಾಗಿ ಬೇರ್ಪಡಿಸದು. ಚಿಕ್ಕ ಮಕ್ಕಳಲ್ಲಿ ಮಾತ್ರ ಇದೇ ದೋಷ ಗುಣವಾಗುತ್ತದೆ, ಏಕೆಂದರೆ ಅವರಲ್ಲಿ ಪ್ರತಿಕಾಯ ಕಂಡರೆ ರೋಗ ಹರಡುವಿಕೆ ಇತ್ತೀಚಿನದೆಂದು ಊಹಿಸಬಹುದು.

ಕಾಲು ಈಗಾಗಲೇ ಬಾತು ದಪ್ಪಗಾದವರಲ್ಲಿ ಅನೇಕರಿಗೆ ಮರಿಗಳೂ ಪ್ರತಿಜನಕವೂ ರಕ್ತದಲ್ಲಿ ಸಿಗುವುದಿಲ್ಲ, ಹುಳುಗಳು ಸತ್ತು ಹೋಗಿ ನಾಳಗಳಿಗಾದ ಹಾನಿಯಷ್ಟೇ ಉಳಿದಿರಬಹುದು. ಅಂಥವರ ರೋಗನಿರ್ಣಯವನ್ನು ವೈದ್ಯರು ಕಾಲನ್ನು ಪರೀಕ್ಷಿಸಿ, ಹಿಂದಿನ ವಿವರ ಕೇಳಿ ಮಾಡಬೇಕಾಗುತ್ತದೆ.